ಜೋಡಿ ಬೊಟ್ಟು

ಮಚ್ಛೇಂದ್ರ ಕೈಕಾಲು ತೊಳೆದು ಒಳಗೆ ಬಂದಾಗ ಒಲೆಯ ಮುಂದೆ ಎರಡು ತಾಟು ಇದ್ದವು. ಎಂಟು ವರ್ಷದಿಂದ ಎರಡೇ. ಒಂದು ಅವನದು, ಇನ್ನೊಂದು ಅಣ್ಣ ಗೋರಖನಾಥನದು. ಗೋರಖನಾಥ ಬರುವುದಿಲ್ಲ. ಆದರೂ ಬಿಸಿ ರೊಟ್ಟಿ ಮೊದಲು ಅವನ ತಾಟಿಗೇ ಬೀಳಬೇಕು, ಹಿರಿಯನಲ್ಲವೇ! ಮಚ್ಛೇಂದ್ರ ಉಂಡು ಎದ್ದ ಮೇಲೆ ಅವ್ವ ಗಿರಿಜಾಬಾಯಿ ಆ ಆರಿದ ರೊಟ್ಟಿಯನ್ನು ಮುರಿದು, ಅದೇ ತಾಟಿನಲ್ಲಿ ಖಾರದ ಹಿಂಡಿ ಹಚ್ಚಿಕೊಂಡು ತಾನು ತಿನ್ನುತ್ತಿದ್ದಳು. ಅವಳಿಗೆ ಅಂತ ಬೇರೆ ತಾಟು ಆ ಮನೆಯಲ್ಲಿ ಇರಲಿಲ್ಲ.

ಅವತ್ತು ಕಮಲನಗರದಿಂದ ಪಂಢರಿ ಬಂದಿದ್ದ. ಮಚ್ಛೇಂದ್ರನಿಗೆ ಮಗಳು ಭಾಗೀರಥಿಯನ್ನು ಕೊಡುತ್ತೇನೆಂದು ಮಾತು ಕೊಟ್ಟವನು. ಹೊಸಿಲ ಹತ್ತಿರ ಕುಂತು, ಆ ಎರಡನೆಯ ತಾಟನ್ನು ಕಣ್ಣು ಮುಚ್ಚದೆ ನೋಡುತ್ತಿದ್ದ.

"ಗಿರಿಜಾಬಾಯಿ, ನಾ ಸುತ್ತಿ ಬಳಸಿ ಮಾತಾಡಾಂವ ಅಲ್ಲ. ಹಿರೇ ಮಗ ಮದ್ವಿ ಇಲ್ಲದೇ ಇರಬೇಕಾದ್ರ ಕಿರ್ಯಾಗ ಹೆಣ್ಣು ಕೊಟ್ರ ನಮ್ಮ ಭಾವಕಿ ಬಳಗದ ಮಂದಿ ನನ್ನ ಮನಿ ನೀರು ಕುಡಿಯಲ್ಲ. ದೊಡ್ಡಾಂವ ಹೋಗ್ಯಾನ ಅಂತ ನಾಕು ಮಂದಿ ಎದುರು ಹೇಳಿ ದಿನಾ ಕರ್ಮಾ ಮಾಡ್ರಿ. ಇಲ್ಲಾ, ಇದ್ದಾನ ಅಂತೀರಿ? ಅವನ ಹೆಸರಿಲೆ ಎಕ್ಕಿಗಿಡಕ್ಕ ಒಂದು ತಾಳಿ ಕಟ್ಟಸ್ರಿ. ಹಿರ್ಯಾಂದು ಆಯ್ತು, ಕಿರ್ಯಾಂದು ಹಾದಿ ಖುಲ್ಲಾ."

"ಹೋದ ತಿಂಗಳ ನಾಗಪುರದಾಗ ಅಷ್ಟು ಲಕ್ಷ ಮಂದಿ ಬೌದ್ಧರಾಗಿ ದೇವರನ್ನೇ ಬಿಟ್ಟು ಬಂದ್ರು," ಎಂದ ಮಚ್ಛೇಂದ್ರ. "ನೀವು ನಮ್ಮಣ್ಣಗ ಗಿಡ ಹುಡುಕ್ಲತ್ತೀರಿ, ಮಾಮಾ."

"ನಾನೂ ನಾಗಪುರಕ್ಕ ಹೋಗಿ ಬಂದೀನೋ ತಮ್ಮಾ. ನಾ ಬದಲಾದೆ, ನಮ್ಮ ಭಾವಕಿ ಬದಲಾಗಬೇಕಲ್ಲ. ಉದಗೀರದಾಗ ಒಂದು ವರ ಅದ. ನಿನ್ನೆ ತನಾ ಉದಗೀರ ನಮ್ಮ ಜಿಲ್ಲಾ, ಇವತ್ತು ಮುಂಬೈ ಸರ್ಕಾರದ್ದಂತ. ಮಗಳಿಗಿ ಪರರಾಜ್ಯಕ್ಕ ಕಳಸೋ ಮನಸ್ಸಿಲ್ಲ ನನಗ. ಆದ್ರ ಈ ಕಾರ್ತಿಕ ದಾಟಿದ್ರ ನಾ ನಿಲ್ಲಂಗಿಲ್ಲ."

ಗಿರಿಜಾಬಾಯಿ ಒಲೆಯಿಂದ ಮುಖ ಎತ್ತಲಿಲ್ಲ. "ನನ್ನ ಮಗಗ ನಾ ಗಿಡದ ಜೋಡಿ ಮದ್ವಿ ಮಾಡಂಗಿಲ್ಲ. ಸತ್ತಾನ ಅಂತ್ನೂ ಹೇಳಂಗಿಲ್ಲ. ನನಗ ಒಂದು ಮಾತು ತಿಳೀಬೇಕು. ಅದು ತಿಳೀಲಿ."

"ಯಾವ ಮಾತವ್ವ?" ಮಚ್ಛೇಂದ್ರನ ದನಿ ಏರಿತು. "ಎಂಟು ವರ್ಷ ಆಯ್ತು, ಒಂದು ಮಾತು ಒಂದು ಮಾತು ಅಂತಿ. ಯಾವುದು ಅಂತ ಹೇಳಿದ್ರ ಹುಡುಕಿ ತರ್ತೀನಿ!"

"ಉಣ್ಣು. ರೊಟ್ಟಿ ಆರ್ಲತ್ತಾದ."

ಮಚ್ಛೇಂದ್ರ ತಾಟನ್ನು ದೂಡಿ ಎದ್ದ. ದೂಡಿದ್ದು ತನ್ನದನ್ನು. ಅಣ್ಣನ ತಾಟು ದೂಡುವ ಧೈರ್ಯ ಎಂಥ ಸಿಟ್ಟಿನಲ್ಲೂ ಅವನಿಗೆ ಬಂದಿರಲಿಲ್ಲ.

ಗೋರಖನಾಥ ಹೋದದ್ದು ದಂಡು ಬಂದ ವರ್ಷ. ಮೊದಲು ರಜಾಕಾರರು ಊರು ಸುಟ್ಟರು. ಸೆಪ್ಟೆಂಬರಿನಲ್ಲಿ ದಂಡು ಬಂತು, ನಿಜಾಮನ ಆಳಿಕೆ ಮುಗಿಯಿತು. ಆಮೇಲೆ ಸೇಡಿನ ಹೆಸರು ಹೇಳಿಕೊಂಡು ಇನ್ನೊಂದು ಗುಂಪು ಎದ್ದಿತು. ಸುಟ್ಟವರು ಸಿಗದಿದ್ದರೆ ಸಿಕ್ಕವರನ್ನೇ ಕಡಿದರು. ಆ ದಿನಗಳಲ್ಲಿ ಒಂದು ಮುಂಜಾನೆ ಗೋರಖನಾಥ ಅಂಗಿ ಹಾಕಿಕೊಂಡು, "ಸಂಜಿಗಿ ಬರ್ತೀನಿ, ಒಂದೆರಡು ರೊಟ್ಟಿ ಜಾಸ್ತಿ ಬಡಿ" ಅಂದು ಭಾಲ್ಕಿ ಬಿಟ್ಟ. ಜಾಸ್ತಿ ಬಡಿದ ರೊಟ್ಟಿ ಆರಿದವು. ಅಷ್ಟೇ. ಹೆಣ ಇಲ್ಲ, ಸುದ್ದಿ ಇಲ್ಲ. ಕೇಳಲು ಹೋದರೆ ಠಾಣೆಯವರು, "ನಿಮ್ಮ ಓಣಿಯವರನ್ನ ಎಣಿಸ್ಕೋತ ಕೂಡೋದೇ ನಮ್ಮ ಕೆಲಸಾ?" ಅಂದಿದ್ದರು.

ಅಂದಿನಿಂದ ಮಚ್ಛೇಂದ್ರನಿಗೆ ಒಂದು ಚಟ ಅಂಟಿತು. ಒಬ್ಬನೇ ನಡೆಯುವಾಗಲೂ ಎಡಗಡೆ ಒಂದಾಳಿನ ಜಾಗ ಬಿಟ್ಟು ನಡೆಯುತ್ತಿದ್ದ. ಗೋರಖ ಯಾವಾಗಲೂ ಅವನ ಎಡಕ್ಕೆ ನಡೆಯುತ್ತಿದ್ದವನು. ಹೊಲದ ಬದುವಿನ ಮೇಲೆ ಎರಡು ಕಾಲಿಗೇ ಜಾಗ ಸಾಲದಿರುವಾಗಲೂ ಮಚ್ಛೇಂದ್ರ ಬಲದ ಅಂಚಿಗೆ ಸರಿದು, ಒಂದು ಕಾಲು ಜಾರಿಸಿಕೊಂಡು ಹೋಗುವುದನ್ನು ಕಂಡವರು, "ಯಾರಿಗೋ ದಾರಿ ಬಿಟ್ಟಿ?" ಅಂತ ನಗುತ್ತಿದ್ದರು. ಅವನು ಕಲ್ಲು ಎತ್ತಿಕೊಳ್ಳುತ್ತಿದ್ದ. ಜಾಗ ಬಿಡುವುದನ್ನು ಮಾತ್ರ ಬಿಡಲು ಆಗಲಿಲ್ಲ. ಮಧ್ಯಕ್ಕೆ ಬಂದು ನಡೆದರೆ ಭುಜಕ್ಕೆ ಯಾರೋ ತಾಗಿದ ಹಾಗೆ ಆಗುತ್ತಿತ್ತು.

*

ಆ ನವೆಂಬರಿನಲ್ಲಿ ಮಚ್ಛೇಂದ್ರನಿಗೆ ಕೈತುಂಬ ಕೆಲಸ. ಹೈದರಾಬಾದ ರಾಜ್ಯವನ್ನು ಮೂರು ತುಂಡು ಮಾಡಿ ಹಂಚಿದ್ದರು. ಬೀದರ ಮೈಸೂರಿನ ಪಾಲಿಗೆ ಬಂದಿತ್ತು. ಕಚೇರಿ, ದವಾಖಾನೆ, ಸಾಲಿ, ಎಲ್ಲದರ ಬೋರ್ಡು ಬದಲಾಗಬೇಕು. ಮಚ್ಛೇಂದ್ರ ಬೋರ್ಡು ಬರೆಯುವವನು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನು. ಬಿಟ್ಟವನೇನು, ಚಪ್ಪಲಿ ಬಿಡುವ ಜಾಗದಲ್ಲಿ ಕೂಡಿಸಿದ್ದಕ್ಕೆ ಮಾಸ್ತರನ ಚಪ್ಪಲಿಯನ್ನೇ ಬಾವಿಗೆ ಎಸೆದು ಬಂದವನು. ಓದುವುದಕ್ಕೆ ತಡವರಿಸುತ್ತಿದ್ದ. ಆದರೆ ಅಕ್ಷರದ ಮೈ ಗೊತ್ತಿತ್ತು. ಎಲ್ಲಿ ತುಂಬಬೇಕು, ಎಲ್ಲಿ ಬಳುಕಬೇಕು, ಎಲ್ಲಿ ಬ್ರಷ್ಷು ಎತ್ತಬೇಕು, ಎಲ್ಲ ಅಣ್ಣ ಕಲಿಸಿದ್ದು.

"ಮೈಸೂರ ಎಲ್ಲದಪಾ?" ಅಂತ ಬೀದರದ ಚಹಾದಂಗಡಿಯಲ್ಲಿ ಯಾರೋ ಕೇಳಿದರೆ, "ಬೋರ್ಡಿನ ಮ್ಯಾಲ ಅದ. ಇನ್ನೂ ಒಣಗಿಲ್ಲ, ಮುಟ್ಟಬ್ಯಾಡ್ರಿ" ಅನ್ನುತ್ತಿದ್ದ.

ಒಂದೇ ತೊಂದರೆ. ಹಳೆಯ ಉರ್ದು ಅಕ್ಷರದ ಮೇಲೆ ಎರಡು ಕೋಟು ಸಫೇದಾ ಹೊಡೆದು, ಕನ್ನಡ ಬರೆದು ಮುಗಿಸಿ ಮನೆಗೆ ಹೋದರೆ, ವಾರದೊಳಗೆ ಬಿಳಿಯ ಅಡಿಯಿಂದ ಹಳೆಯ ಅಕ್ಷರ ಮಸುಕಾಗಿ ಎದ್ದು ಬರುತ್ತಿತ್ತು. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಮೈಸೂರಿನ ಹೊಟ್ಟೆಯೊಳಗಿಂದ ಹೈದರಾಬಾದು ಕಾಣುತ್ತಿತ್ತು.

ಬೀದರದ ಒಂದು ಹೈಸ್ಕೂಲಿನ ವಿಜ್ಞಾನದ ಮಾಸ್ತರ ಪ್ರಭಾಕರರಾವ ಅವನನ್ನು ಬೋರ್ಡಿಗಲ್ಲ, ಬೇರೆ ಕೆಲಸಕ್ಕೆ ಕರೆಸಿದರು. ಹೈದರಾಬಾದಿನಲ್ಲಿ ಸರ್ಕಾರದ ದುರ್ಬೀನು ಇರುವಲ್ಲಿ ಹತ್ತು ವರ್ಷ ನೌಕರಿ ಮಾಡಿ, ಕನ್ನಡ ಜಿಲ್ಲೆಯವರೆಂದು ಈ ಕಡೆ ಹಂಚಿಹೋದವರು. ಕರಿ ಬಣ್ಣ ಹೊಡೆದ ದೊಡ್ಡ ಹಲಗೆ ಗೋಡೆಗೆ ಒರಗಿತ್ತು.

"ಆಕಾಶದ ನಕಾಶಾ ಬೇಕು ನನಗ. ದೊಡ್ಡ ಬೊಟ್ಟು, ನಡು ಬೊಟ್ಟು, ಸಣ್ಣ ಬೊಟ್ಟು."

"ಬೊಟ್ಟು ಹಚ್ಚಲಿಕ್ಕ ಪೇಂಟರ್ ಯಾಕ್ರಿ ಸಾರ್? ಸಾಲಿ ಹುಡುಗರ ಕೈಯಾಗ ಸುಣ್ಣ ಕೊಡ್ರಿ, ಒಂದು ತಾಸಿನಾಗ ನಿಮಗ ಆಕಾಶನೂ ಮಾಡ್ತಾವ, ನೆಲನೂ ಮಾಡ್ತಾವ."

ಪ್ರಭಾಕರರಾವ ನಕ್ಕರು. ಮಚ್ಛೇಂದ್ರ ನಗಲಿಲ್ಲ. ಬಿಳಿ ಕಲಸಿ, ಬ್ರಷ್ಷು ಅದ್ದಿ, ಹಲಗೆಯ ಬಲಗಡೆ ಮೇಲಿನ ಮೂಲೆಗೆ ಹೋಗಿ ಒಂದು ಬೊಟ್ಟು ಒತ್ತಿದ. ಮತ್ತೆ ಅದ್ದದೆ, ಅದರ ಪಕ್ಕದಲ್ಲೇ ಇನ್ನೊಂದು. ಮೊದಲನೆಯದು ತುಂಬು, ಎರಡನೆಯದು ಸಣ್ಣದು, ಮಂಕು.

"ಇದ್ಯಾವ ನಕ್ಷತ್ರ?"

"ನಕ್ಷತ್ರ ಅಲ್ರಿ, ಬಣ್ಣದ ಪರೀಕ್ಷಾ. ತುಂಬು ಬೊಟ್ಟು, ಉಳಿದ ಬೊಟ್ಟು. ಉಳಿದ ಬೊಟ್ಟು ಒಡೀದೇ ಕುಂತ್ರ ಬಣ್ಣ ಸರಿ ಅದ ಅಂತ."

ಮಾಸ್ತರರು ಆ ಮೂಲೆಯ ಹತ್ತಿರ ಹೋಗಿ, ಕನ್ನಡಕ ಹಣೆಗೇರಿಸಿ ನಿಂತರು. "ನನ್ನ ಹತ್ತು ವರ್ಷದ ನೌಕರಿ ನೀ ಒಂದು ಮೂಲ್ಯಾಗ ಬರದಿ ನೋಡು."

ಆಮೇಲೆ ಕೆಲಸ ನಡೆಯುತ್ತಿರುವಾಗ ಅವರು ಹೇಳುತ್ತ ಹೋದರು. ಯಾರಾದರೂ ಕೇಳಿಸಿಕೊಂಡರೆ ಸಾಕು ಅನ್ನುವ ಜಾತಿಯ ಮನುಷ್ಯ. ಅಲ್ಲಿ ಅವರ ಕೆಲಸ ಏನಂದರೆ, ಒಂದೊಂದೇ ನಕ್ಷತ್ರ ಹಿಡಿದು ಅದು ಒಂಟಿಯೋ ಜೋಡಿಯೋ ನೋಡುವುದು. ಅದರಲ್ಲೂ ಬೆಳ್ಳಗಿನವು: ಇನ್ನೂ ಹರೆಯದವು, ನಮ್ಮ ಸೂರ್ಯನಿಗಿಂತ ಎರಡು ಮೂರು ಪಟ್ಟು ತೂಕದವು, ತೀರ ದೈತ್ಯರೂ ಅಲ್ಲ, ಬಡಪಾಯಿಗಳೂ ಅಲ್ಲ.

"ಅಂಥಾವು ಒಂಟಿ ಇರೋದು ಕಡಿಮಿ ನೋಡು. ಅರ್ಧಕ್ಕಿಂತ ಹೆಚ್ಚಿನವಕ್ಕ ಜೋಡಿ ಅದ. ನೋಡ್ದಂಗ ನೋಡ್ದಂಗ ಲೆಕ್ಕ ಏರ್ತಾನೇ ಹೋಗ್ತದ, ಇಳಿಯಲ್ಲ."

"ಉಳಿದವು?"

"ಉಳಿದವು ಒಂಟಿ ಅಂತ ಹೇಳಲಿಕ್ಕ ನನಗ ಧೈರ್ಯ ಇಲ್ಲ. ನಮಗ ಇನ್ನೂ ಕಂಡಿಲ್ಲ, ಅಷ್ಟೇ."

"ಕಾಣದ್ದು ಅದ ಅಂತ ಹ್ಯಾಂಗ ಹೇಳ್ತೀರಿ?" ಮಚ್ಛೇಂದ್ರನ ಬ್ರಷ್ಷು ನಿಂತಿತು. "ದೇವರದೂ ಹಿಂಗೇ ಹೇಳ್ತಾರ. ಕಾಣಲ್ಲ, ಆದ್ರ ಅದಾನ. ನಮ್ಮ ಓಣಿಗಿ ಮಾತ್ರ ಬರಲ್ಲ, ಅಷ್ಟೇ."

"ದೇವರಿಂದು ನನಗ ಗೊತ್ತಿಲ್ಲೋ. ನಕ್ಷತ್ರದ್ದು ಅದರ ನಡಿಗಿ ನೋಡಿ ಹೇಳ್ತೀವಿ. ಒಂಟಿ ಇದ್ರ ಸೀದಾ ನಡೀಬೇಕು. ಜೋಡಿ ಇದ್ದದ್ದು ಸೀದಾ ನಡಿಯಲ್ಲ, ಒಂದು ಬಾಜೂಕ ಸರೀತದ. ಯಾರಿಗೋ ಜಾಗ ಬಿಟ್ಟಂಗ."

ಮಚ್ಛೇಂದ್ರ ತಿರುಗಿ ನೋಡಿದ. ಈ ಮನುಷ್ಯ ತನ್ನನ್ನು ಎಲ್ಲಿಯಾದರೂ ಬದುವಿನ ಮೇಲೆ ನೋಡಿದ್ದಾನೆಯೇ? ಇಲ್ಲ. ಆತ ಹಲಗೆಯನ್ನೇ ನೋಡುತ್ತಿದ್ದ.

ದೀಪ ಹಚ್ಚುವ ಹೊತ್ತಿಗೆ ಪ್ರಭಾಕರರಾವ ಅವನನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ಈಶಾನ್ಯಕ್ಕೆ ಬೆರಳು ತೋರಿಸಿದರು. ಕೃತ್ತಿಕೆಯ ಗೊಂಚಲಿನ ಎಡಕ್ಕೆ, ಸ್ವಲ್ಪ ಮೇಲೆ ಒಂದು ಬಿಳಿ ನಕ್ಷತ್ರ.

"ಇದಕ್ಕ ಅರಬರು ಭೂತದ ತಲಿ ಅಂದಾರ. ಇವತ್ತು ಪಳಪಳ ಅದ. ನಾಡದ್ದು ನೋಡು."

ಮಚ್ಛೇಂದ್ರ ಸಾಲಿಯ ಪಡಸಾಲೆಯಲ್ಲೇ ಇದ್ದ. ಮರುದಿನ ಸಂಜೆ ಅದು ಹಾಗೇ ಇತ್ತು. ಅದರ ಮರುದಿನ ಕತ್ತಲಾಗುತ್ತಲೇ ಹೊರಗೆ ಬಂದು ತಲೆ ಎತ್ತಿದ. ನಕ್ಷತ್ರ ಮಂಕಾಗಿತ್ತು. ಮೋಡವಿಲ್ಲ, ಹೊಗೆಯಿಲ್ಲ, ಸುತ್ತಲಿನವೆಲ್ಲ ಹಾಗೇ ಉರಿಯುತ್ತಿವೆ. ಇದೊಂದು ಮಾತ್ರ ಯಾರೋ ಅಂಗೈ ಅಡ್ಡ ಹಿಡಿದ ದೀಪದ ಹಾಗೆ. ಮೈದಾನದಲ್ಲಿ ಅವನ ಎಡಗಡೆಯಿಂದ ಗಾಳಿ ಬೀಸುತ್ತಿತ್ತು. ಒಮ್ಮೆಲೇ ಆ ಕಡೆಯ ಗಾಳಿ ನಿಂತಂತಾಯಿತು.

"ಜೋಡಿ ಮುಂದ ಬಂದು ನಿಂತದ," ಹಿಂದಿನಿಂದ ಪ್ರಭಾಕರರಾವ ಹೇಳಿದರು. "ಅದಕ್ಕ ಬೆಳಕು ಕಡಿಮಿ, ಕಣ್ಣಿಗಿ ಬೀಳಲ್ಲ. ಇದು ಮಂಕಾದಾಗ ತಿಳೀತದ, ಓಹೋ ಯಾರೋ ಇದ್ದಾರ ಅಂತ. ಲೆಕ್ಕ ಇಟ್ಟಂಗ ಮಂಕಾಗ್ತದ, ಮೂರು ದಿನ ಆಗೂದ್ರಾಗ ಒಮ್ಮಿ. ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡಬ್ಯಾಡ. ಕನ್ನಡ ಎಡದಿಂದ ಸುರು ಆಗ್ತದ. ನೀ ಪರೀಕ್ಷಾ ಬೊಟ್ಟು ಬಲಗಡಿ ಮೂಲ್ಯಾಗ ಯಾಕ ಹಚ್ತಿ?"

"ಅಣ್ಣ ಹಂಗ ಕಲಿಸ್ಯಾನ್ರಿ."

"ಅವನಿಗಿ ಯಾರು ಕಲಿಸ್ಯಾರ?"

"ಗೊತ್ತಿಲ್ರಿ. ಯಾರೂ ಇಲ್ಲ. ಅವ ತಾನೇ..."

"ತಾನೇ ಕಲ್ತಾಂವ ಎಡಕ್ಕೇ ಹಚ್ತಾನೋ. ನಿಮ್ಮಣ್ಣಗ ಕಲಿಸಿದಾಂವ ಬಲದಿಂದ ಬರಿಯಾಂವ."

ಮಚ್ಛೇಂದ್ರನಿಗೆ ನೆನಪಾಯಿತು. ಔರಾದ ಸಂತೆ ಬಂತೆಂದರೆ ಗೋರಖ ಮನೆಯಲ್ಲಿ ಇರುತ್ತಿರಲಿಲ್ಲ. ಮೂಟೆ ಹೊರಲು ಹೋಗಿದ್ದೆ ಅನ್ನುತ್ತಿದ್ದ. ಮೂಟೆ ಹೊತ್ತವನ ಹೆಗಲು ಕೆಂಪಾಗಿರಬೇಕು. ಅವನ ಉಗುರು ಬಣ್ಣ ಹತ್ತಿ ಬೆಳ್ಳಗಿರುತ್ತಿದ್ದವು. ಸಂತೆ ಸಂತೆಗೊಮ್ಮೆ, ಲೆಕ್ಕ ಇಟ್ಟ ಹಾಗೆ, ಅವನು ಮನೆಯವರ ಕಣ್ಣಿಂದ ಮರೆಯಾಗುತ್ತಿದ್ದ. ಹೋದ ಆ ದಿನ? ಸಂತೆಯ ದಿನವಾಗಿರಲಿಲ್ಲ, ಅದಕ್ಕೇ ಯಾರೂ ಔರಾದ ಕಡೆ ಮುಖ ಮಾಡಿ ಹುಡುಕಲಿಲ್ಲ.

*

ಔರಾದಿನಲ್ಲಿ ಕಚೇರಿಯ ಬೋರ್ಡು ಕೆಲಸ ಬಾಕಿ ಇತ್ತು. ಮಚ್ಛೇಂದ್ರ ನಕಾಶೆಯ ಕೆಲಸ ಅರ್ಧಕ್ಕೆ ಬಿಟ್ಟು ಮರುದಿನವೇ ಹೊರಟ.

ತಗಡಿನ ಬೋರ್ಡು ಕೆಳಗಿಳಿಸಿ ಬೇವಿನ ಮರಕ್ಕೆ ಒರಗಿಸಿದರು. ಯಾರೋ ಅವಸರದಲ್ಲಿ ಬಿಳಿ ಬಳಿದು ಹೋಗಿದ್ದರು, ಅದು ಹಪ್ಪಳದ ಹಾಗೆ ಎದ್ದಿತ್ತು. ಮಚ್ಛೇಂದ್ರ ಕಬ್ಬಿಣದ ಪತ್ತಿ ಹಿಡಿದು ಬಲಗಡೆಯ ಮೂಲೆಯಿಂದಲೇ ಕೆರೆಯತೊಡಗಿದ. ಬಿಳಿ ಹಾರಿ, ನೀಲಿ ನೆಲ ಬಂತು. ನೀಲಿಯ ಮೇಲೆ ಒಂದು ತುಂಬು ಬೊಟ್ಟು. ಪಕ್ಕದಲ್ಲಿ ಸಣ್ಣದು, ಮಂಕು.

ಅವನ ಕೈಯ ಪತ್ತಿ ತಗಡಿನ ಮೇಲೆ ಕಿರ್ರೆಂದು ಜಾರಿತು.

"ಈ ಬೋರ್ಡು ಬರದವರು ಯಾರ್ರಿ?" ಚಹಾದಂಗಡಿಯ ಮುದುಕನನ್ನು ಕೇಳಿದ.

"ಗೌಸೋದ್ದೀನ. ಎಂಥಾ ಕೈ ಅಂತಿ! ಕುದುರಿ ಓಡಿದಂಗ ಬರೀತಿದ್ದ."

"ಎಲ್ಲಿ ಇರ್ತಾರ?"

ಮುದುಕ ಒಲೆಯ ಬೂದಿ ಕೆದಕಿದ. "ದಂಡು ಬಂದಾಗ ಹೋದ. ಅಕ್ಕ ಒಬ್ಬಾಕಿ ಅದಾಳ, ಶಮೀಮ. ಮಸೂತಿ ಹಿಂದ ಕೌದಿ ಹೊಲೀತಾಳ. ಯಾಕಪಾ, ನಿನಗೇನಾಗಬೇಕು?"

"ಇನ್ನೂ ಗೊತ್ತಿಲ್ರಿ," ಎಂದ ಮಚ್ಛೇಂದ್ರ.

ಶಮೀಮ ಬಾಗಿಲಲ್ಲಿ ಕುಂತು ಹಳೆಯ ಸೀರೆಗಳ ಪದರ ಒಗ್ಗೂಡಿಸಿ ಹೊಲಿಯುತ್ತಿದ್ದಳು. ತಲೆ ಎತ್ತಿದವಳು ಸೂಜಿ ಬೆರಳಿಗೆ ಚುಚ್ಚಿಕೊಂಡಳು. ಅವನ ಮುಖವನ್ನಲ್ಲ, ಅವನು ನಿಂತ ರೀತಿಯನ್ನು ನೋಡುತ್ತಿದ್ದಳು. ಅಷ್ಟು ಅಗಲದ ಬಾಗಿಲಲ್ಲಿ ಬಲದ ಚೌಕಟ್ಟಿಗೆ ಅಂಟಿ, ಎಡಕ್ಕೆ ಗೋರಖ ನಿಲ್ಲುತ್ತಿದ್ದ ಜಾಗ ಬಿಟ್ಟು ನಿಂತಿದ್ದ.

"ಗೋರಖನ ತಮ್ಮ," ಅಂದಳು. ಕೇಳಲಿಲ್ಲ, ಹೇಳಿದಳು. "ಯಾ ಅಲ್ಲಾ. ಎಷ್ಟು ತಡಾ ಮಾಡಿದಿ ಭಾಯಿ."

"ನಮಗ ಗೊತ್ತಿರಲಿಲ್ಲ ಆಪಾ."

"ನನಗೂ ನಿಮ್ಮ ಮನಿ ಗೊತ್ತಿದ್ದಿಲ್ಲ. ಭಾಲ್ಕಿ, ಗೋರಖ, ಇಷ್ಟೇ ಗೊತ್ತು. ಒಮ್ಮಿ ಬಂದಿದ್ದೆ. ಟೇಸನ್ನಾಗ ಇಳದು ಕೇಳಿದೆ. ಒಬ್ಬಾಂವ, ಅವನ ಜೋಡಿ ನಿನಗೇನು ಕೆಲಸ ಅಂತ ಗದರಿಸಿದ. ಅಂಜಿಕಿ ಬಂತು, ಅದೇ ಗಾಡಿಗಿ ತಿರುಗಿ ಬಂದೆ. ಒಳಗ ಬಾ. ಅಂವ ಇಲ್ಲೇ ಕೂಡ್ತಿದ್ದ, ಈ ಮೂಲ್ಯಾಗ. ಮೊದಮೊದಲು ಬಣ್ಣ ಕಲಸಲಿಕ್ಕ ಬಂದ. ಆಮ್ಯಾಲ ನಮ್ಮ ಗೌಸ ಉರ್ದು ಬರಿಯಾಂವ, ಅಂವ ಬಾಜೂಕ ಕುಂತು ಕನ್ನಡ ಬರಿಯಾಂವ. ಒಂದೇ ತಾಟಿನಾಗ ಉಣ್ಣೋರು. ನಾ ಬೈತಿದ್ದೆ, ಬಣ್ಣದ ಕೈ ತೊಳ್ಕೊಳ್ರೋ ಅಂತ."

ಮಚ್ಛೇಂದ್ರ ಆ ಮೂಲೆಯನ್ನು ನೋಡಿದ. ಇಲ್ಲಿ ಒಂದು ತಾಟಿನಲ್ಲಿ ಇಬ್ಬರು. ಅಲ್ಲಿ ಒಲೆಯ ಮುಂದೆ ಒಂದು ತಾಟು, ಯಾರೂ ಇಲ್ಲ.

"ಮನ್ಯಾಗ ಯಾಕ ಹೇಳಲಿಲ್ಲ ಅಂವ?"

"ರಜಾಕಾರರ ಕಾಲ. ಸಾಬರ ಮನ್ಯಾಗ ಉಣ್ತೀನಿ ಅಂತ ಯಾರ ಮುಂದ ಹೇಳ್ಬೇಕು? ನಮ್ಮಾಂವನೂ ಹೊರಗ ಹೇಳ್ತಿದ್ದಿಲ್ಲ."

ಆಮೇಲಿನದನ್ನು ಅವಳು ಹೊಲಿಗೆ ನಿಲ್ಲಿಸದೆಯೇ ಹೇಳಿದಳು. ನಿಲ್ಲಿಸಿದ್ದರೆ ಹೇಳಲು ಆಗುತ್ತಿರಲಿಲ್ಲವೇನೋ.

ಆ ದಿನ ಗೋರಖ ಗಾಡಿ ಹಿಡಿದು ಓಡಿ ಬಂದವನು, ಗೌಸೋದ್ದೀನನನ್ನೂ ಅವಳನ್ನೂ ಎಬ್ಬಿಸಿ ಹೊರಡಿಸಿದ. "ಭಾಲ್ಕಿಗಿ ನಡೀರಿ. ನಮ್ಮ ಓಣ್ಯಾಗ ಹುಡುಕಲಿಕ್ಕ ಯಾರೂ ಬರಂಗಿಲ್ಲ. ದೊಡ್ಡ ಮಂದಿಗಿ ನಮ್ಮ ನೆರಳು ಬಿದ್ರ ಮೈಲಿಗಿ. ಇಷ್ಟು ದಿನ ಅದು ನಮಗ ಬ್ಯಾನಿ ಇತ್ತು, ಇವತ್ತು ನಿಮಗ ಕಿಲ್ಲಾ ಆಗ್ತದ" ಅಂದು ನಕ್ಕಿದ್ದ. ಅವ್ವಗ ರೊಟ್ಟಿ ಜಾಸ್ತಿ ಬಡಿಲಿಕ್ಕ ಹೇಳೀನಿ ಅಂದಿದ್ದ. ಒಂದು ಊರಿನ ಹೊರಗೆ, ಸಿಹಿನೀರ ಬಾವಿಯ ಹತ್ತಿರ ಗುಂಪು ಎದುರಾಯಿತು. ಗೋರಖ ಅವಳನ್ನು ಜೋಳದ ಹೊಲಕ್ಕೆ ದೂಡಿದ. ಜೋಳ ಆಳೆತ್ತರ ಇತ್ತು. ಗೌಸೋದ್ದೀನನನ್ನು ದೂಡುವಷ್ಟರಲ್ಲಿ ಬಂದೇ ಬಿಟ್ಟರು.

"ನಾ ಎಲ್ಲಾ ಕೇಳಿದೆ. ನಿನ್ನಣ್ಣಗ ಹೆಸರು ಕೇಳಿದ್ರು. ಹೇಳಿದ. ಅವರಾಗ ಒಬ್ಬಾಗ ಗುರ್ತು ಹತ್ತಿತು. ನೀ ನಮ್ಮಾಂವ ಅದೀ, ಬಾಜೂಕ ಸರಿ ಅಂದ."

ಸೂಜಿ ಬಟ್ಟೆಯೊಳಗೆ ಹೋಗಿ ಬಂತು.

"ಗೋರಖ ಹೇಳಿದ: ನಾ ನಿಮ್ಮಾಂವ ಆಗಿದ್ದು ಯಾವಾಗ್ರಿ? ಹ್ವಾದ ಬ್ಯಾಸಿಗ್ಯಾಗ ಇದೇ ಬಾವಿ ಕಟ್ಟಿ ಹತ್ತಿದ್ದಕ್ಕ ನನಗ ಹೊಡದವರು ನೀವೇ ಅಲ್ಲೇನು? ಇಂವ ನನಗ ತನ್ನ ತಾಟಿನಾಗ ಉಣ್ಣಕ್ಕ ಕೊಟ್ಟಾನ. ನಾ ಇವನಾಂವ. ಹಿಂಗಂದು ಗೌಸನ ಕೈ ಹಿಡಕೊಂಡ. ಬಿಡಿಸಲಿಕ್ಕ ನೋಡಿದ್ರು. ಬಿಡಲಿಲ್ಲ ಭಾಯಿ. ಆಮ್ಯಾಲ... ಇಬ್ಬರಿಗೂ ಕೂಡೇ ಆ ಬಾವ್ಯಾಗ."

ಮುಟ್ಟಗೊಡದ ಬಾವಿ! ಬದುಕಿದ್ದಾಗ ಒಂದು ಬೊಗಸೆ ನೀರಿಗೆ ಬಡಿದವರು ಸಾಯಲು ಇಡೀ ಬಾವಿ ಕೊಟ್ಟರು. ಮಚ್ಛೇಂದ್ರ ಎದ್ದು ನಿಂತಿದ್ದ, ಯಾವಾಗ ಎದ್ದನೋ ಅವನಿಗೇ ತಿಳಿಯಲಿಲ್ಲ.

"ಯಾರು ಅವರು? ಹೆಸರು ಹೇಳು. ಒಬ್ಬಂದರ ಹೆಸರು ಹೇಳು ಆಪಾ!"

"ಹೇಳಂಗಿಲ್ಲ."

"ಯಾಕ?"

"ನೀ ಸಿಟ್ಟು ತೀರಿಸ್ಕೊಂಡು ಭಾಲ್ಕಿಗಿ ಹೋಗ್ತಿ. ನಾ ಇಲ್ಲೇ ಇರಬೇಕು. ಅವರ ಮನಿ ಕೌದಿನೂ ನಾನೇ ಹೊಲೀತೀನಿ." ಅವಳು ಹಲ್ಲಿನಿಂದ ದಾರ ಕಡಿದಳು. "ಬಾವಿ ತೋರಿಸ್ತೀನಿ. ಅಷ್ಟು ನನ್ನ ಕೈಲಿ ಆಗ್ತದ."

ಅವಳು ದೂರದಿಂದಲೇ ಕೈ ತೋರಿಸಿ ನಿಂತಳು. ಬಾವಿಯ ಬಾಯಿಗೆ ಕಲ್ಲುಚಪ್ಪಡಿ ಎಳೆದು ಮುಚ್ಚಿದ್ದರು, ಸುತ್ತ ಜಾಲಿ ಬೆಳೆದಿತ್ತು. ಅಂಥ ಸಿಹಿನೀರನ್ನು ಆ ಊರಿನವರು ಆಮೇಲೆ ಯಾರೂ ಕುಡಿದಿಲ್ಲವಂತೆ. ಮಚ್ಛೇಂದ್ರ ಮುಳ್ಳಿನಲ್ಲೇ ನುಗ್ಗಿ ಕಟ್ಟೆ ಹತ್ತಿದ. ಚಪ್ಪಡಿಯನ್ನು ಎರಡೂ ಕೈಯಿಂದ ನೂಕಿದ, ಭುಜ ಕೊಟ್ಟ, ಒದ್ದ, ಬಾಯಿಗೆ ಬಂದದ್ದೆಲ್ಲ ಬೈದ. ಕಲ್ಲು ಮಿಸುಕಲಿಲ್ಲ. ಅದರ ಮೇಲೆ ಮುಖ ಇಟ್ಟು ಏದುಸಿರು ಬಿಡುವಾಗ ಕೆಳಗೆಲ್ಲೋ ಆಳದಲ್ಲಿ ನೀರು ತಟಕ್ ಎಂದಿತು. ಸ್ವಲ್ಪ ತಡೆದು ಮತ್ತೆ, ಮೊದಲಿನದಕ್ಕಿಂತ ಮೆಲ್ಲಗೆ, ತಟಕ್.

ಅವನು ಚೀಲದಿಂದ ಡಬ್ಬಿ ತೆಗೆದ. ಚಪ್ಪಡಿಯ ಬಲಗಡೆ ಮೂಲೆಯಲ್ಲಿ ತುಂಬು ಬೊಟ್ಟು ಒತ್ತಿದ. ಎರಡನೆಯದಕ್ಕೆ ಕೈ ತಾನಾಗಿಯೇ ಪಕ್ಕಕ್ಕೆ ಸರಿಯಿತು. ತಡೆದ. ಜೀವನದಲ್ಲಿ ಮೊದಲ ಸಲ ಬ್ರಷ್ಷನ್ನು ಮತ್ತೆ ಬಣ್ಣಕ್ಕೆ ಅದ್ದಿದ. ಎರಡೂ ಒಂದೇ ಗಾತ್ರದ, ಒಂದೇ ಬಿಳುಪಿನ ಬೊಟ್ಟು ಆ ಕರಿಕಲ್ಲಿನ ಮೇಲೆ ಕುಂತವು.

*

ಭಾಲ್ಕಿಗೆ ಬಂದಾಗ ಅವ್ವ ಒಲೆ ಹಚ್ಚುತ್ತಿದ್ದಳು. ಮಚ್ಛೇಂದ್ರ ಕುಂತು ಎಲ್ಲ ಹೇಳಿದ. ಬಣ್ಣದ ಉಗುರು, ಔರಾದ ಸಂತೆ, ಒಂದೇ ತಾಟು, ಜಾಸ್ತಿ ರೊಟ್ಟಿ ಯಾರಿಗಾಗಿ ಹೇಳಿದ್ದನೆಂಬುದು, ಬಾವಿ. ಅವಳು ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಓಣಿ ಕೂಡುತ್ತದೆ ಅಂದುಕೊಂಡಿದ್ದ. ಗಿರಿಜಾಬಾಯಿ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದಳು.

"ಕೈ ಬಿಟ್ಟಿದ್ದಿಲ್ಲ?"

"ಇಲ್ಲವ್ವ."

"ಕಡೀ ತನಾ?"

"ಕಡೀ ತನಾ. ಬಿಡಿಸಲಿಕ್ಕ ನೋಡಿದ್ರಂತ, ಆಗಲಿಲ್ಲಂತ."

"ಹಂಗಾದ್ರ ಒಬ್ಬಾಂವ ಇದ್ದಿಲ್ಲ." ಅವಳು ಊದುಗೊಳವೆ ಕೆಳಗಿಟ್ಟಳು. "ಎಲ್ಲೋ ಒಂದು ಹೊಲದಾಗ, ನೀರು ನೀರು ಅನ್ಕೋತ, ಒಬ್ಬಾಂವನೇ ಬಿದ್ದು ಸತ್ತನೇನೋ ಅಂತ. ಎಂಟು ವರ್ಷ ಕಣ್ಣು ಮುಚ್ಚಿದ್ರ ಅದೇ. ಅದಕ್ಕೇ ತಾಟು ಇಡ್ತಿದ್ದೆ. ಒಬ್ಬಾಂವ ಇದ್ರ ಮನಿಗರ ಬರ್ಲಿ ಅಂತ."

"ಯಾರು ಕೊಂದ್ರು ಅಂತ ಕೇಳಂಗಿಲ್ಲೇನವ್ವ ನೀ?" ಮಚ್ಛೇಂದ್ರ ಚೀರಿದ. "ಅವರು ಇನ್ನೂ ಬದುಕ್ಯಾರ! ನಾಳಿ ಅವರ ಕಚೇರಿಗಿ ನಾನೇ ಮೈಸೂರು ರಾಜ್ಯ ಅಂತ ಬರೀಬೇಕು!"

"ಕೊಂದವರು ನನಗ ಮೊದಲೇ ಗೊತ್ತದಾರಲೇ. ಅವರೇನು, ಎಲ್ಲಾ ಊರಾಗೂ ಅದಾರ. ಜೋಡಿ ಯಾರಿದ್ರು ಅಂತ ಗೊತ್ತಿದ್ದಿಲ್ಲ."

ಆಮೇಲೆ ಅವಳು ಅತ್ತಳು. ಜೋರಾಗಿ ಅಲ್ಲ. ಅಳುತ್ತಲೇ ರೊಟ್ಟಿ ಬಡಿದಳು, ಬಡಿತದ ಸದ್ದಿನಲ್ಲಿ ಅಳು ಕೇಳಲಿಲ್ಲ.

"ಪಂಢರಿಗಿ ನಾಳಿ ಹೋಗಿ ಹೇಳೂಣು," ಅಂದಳು ಕಡೆಗೆ. "ಹಿರ್ಯಾಂವ ಹೋಗ್ಯಾನ, ದಿನಾ ಮಾಡ್ತೀವಿ, ಮದ್ವಿ ಹಿಡೀರಿ ಅಂತ. ಔರಾದ ಹೆಣ್ಮಗಳಿಗೂ ಬರಹೇಳು. ನನ್ನ ಮಗನ ತಾಟು ತೊಳದಾಕಿ."

ಇನ್ನು ಆ ತಾಟು ಎದ್ದಿತು ಎಂದು ಮಚ್ಛೇಂದ್ರ ಅಂದುಕೊಂಡ. ಕೈಕಾಲು ತೊಳೆದು ಒಳಗೆ ಬಂದ. ಒಲೆಯ ಮುಂದೆ ಒಂದು ತಾಟು ಅವನದು. ಎದುರಿಗೆ ಗೋರಖನ ತಾಟು, ಮೊದಲಿನ ಜಾಗದಲ್ಲೇ. ಅದರಲ್ಲಿ ಒಂದರ ಪಕ್ಕ ಒಂದು, ಎರಡು ಬಿಸಿ ರೊಟ್ಟಿ.

ಅವನು ಸಿಟ್ಟಿಗೇಳಲಿಲ್ಲ. ಕುಂತು ಉಂಡ.

ಮರುದಿನ ಮುಂಜಾನೆ ಕಮಲನಗರದ ಗಾಡಿ ಹಿಡಿಯಲು ತಾಯಿ ಮಗ ಮಬ್ಬಿನಲ್ಲೇ ಹೊರಟರು. ತೊಗರಿ ಹೊಲದ ನಡುವಿನ ಬದು ಹಿಡಿದರೆ ಟೇಸನ್ನು ಹತ್ತಿರ. ಮಚ್ಛೇಂದ್ರ ಮುಂದೆ, ಅವ್ವ ಹಿಂದೆ. ಇವತ್ತು ನಟ್ಟನಡುವೆ ನಡೆಯಬೇಕು ಎಂದು ಅವನು ನಾಲ್ಕು ಹೆಜ್ಜೆ ಹಾಕಿದ. ಐದನೆಯದಕ್ಕೆ ಭುಜಕ್ಕೆ ತಾಗಿದ ಹಾಗಾಯಿತು. ಯಾವಾಗಲಿನಂತೆ ಬಲಕ್ಕೆ ಸರಿದ, ಒಂದಾಳಿನ ಜಾಗ ಬಿಟ್ಟು.

ಹಿಂದಿನಿಂದ ಅವ್ವನ ದನಿ ಬಂತು.

"ಇನ್ನಷ್ಟು ಸರಿ ತಮ್ಮಾ. ಇಬ್ಬರು ಅದಾರ."